ಗ್ಯಾಸು ಎಂಬ ಆರು ಗಂಟೆ



1981ರ ಫೆಬ್ರುವರಿ. ಮಂಡ್ಯ ಸೀಮೆಯ ನಮ್ಮೂರಿನಲ್ಲಿ ಅಕ್ಕನ ಮದುವೆ ಮುಗಿದು ಬೀಗರೂಟ ನಡೆಯುತ್ತಿತ್ತು. ದೊಡ್ಡಪ್ಪನದೇ ಯಜಮಾನಿಕೆ. ಬೆಳಗ್ಗೆಯಿಂದ ಕುರಿ ಕಡಿಸಿ, ಪಾತ್ರೆ ಹೊರಿಸಿ, ಬೀಗರ ಪಂಕ್ತಿಯಲ್ಲಿ ನಿಂತು ಬಲವಂತ ಮಾಡಿ ಬಡಿಸಿ, ತಾವು ಕಡೆಯ ಪಂಕ್ತಿಯಲ್ಲಿ ಕೂತು ಮುದ್ದೆ ಮುರಿದಾಗ ರಾತ್ರಿ ಒಂಬತ್ತಾಗಿತ್ತು. ಒಂಬತ್ತೂವರೆಗೆ ನಾನು ನೋಡುವಾಗ ಚಪ್ಪರದ ಕಂಬಕ್ಕೆ ಒರಗಿ ಎದೆ ತಿಕ್ಕಿಕೊಳ್ಳುತ್ತಿದ್ದರು.

"ಏನಾಯ್ತು ದೊಡ್ಡಪ್ಪ?" ಅಂದೆ.

"ಏನಿಲ್ಲ ಕಣ್ಮಗ. ಬಾಡು ಒಂದು ಚೂರು ಜಾಸ್ತಿ ಆಯ್ತು. ಗ್ಯಾಸು."

ಗ್ಯಾಸು ಅಂದ ಮೇಲೆ ವಿಚಾರಣೆ ಮುಗಿಯಿತು. ಒಳಗಿನಿಂದ ದೊಡ್ಡಮ್ಮ ಜೀರಿಗೆ ಕಷಾಯ ಕಳಿಸಿದರು. ಬೀಗರ ಕಡೆಯವರೊಬ್ಬರು ಗೋಲಿ ಸೋಡಾಕ್ಕೆ ಉಪ್ಪು ಹಾಕಿ ನಿಂಬೆಹಣ್ಣು ಹಿಂಡಿ ಕೊಟ್ಟರು. ಇನ್ನೊಬ್ಬರು ಬೆನ್ನಿಗೆ ಹಳದಿ ಮುಲಾಮು ತಿಕ್ಕಿದರು. ಅದರ ಹೆಸರನ್ನು ಆಕಾಶವಾಣಿಯಲ್ಲಿ ಹೇಳುವಂತಿಲ್ಲ, ನಿಮಗೆ ಗೊತ್ತೇ ಇದೆ. ಸೋಡಾ ಕುಡಿದ ದೊಡ್ಡಪ್ಪ ಒಂದು ದೊಡ್ಡ ತೇಗು ತೇಗಿದರು. "ನೋಡು, ಹೋಯ್ತು" ಎಂದು ಚಪ್ಪರವೆಲ್ಲ ನಿರಾಳವಾಯಿತು.

ನಾನಾಗ ಮೈಸೂರಿನಲ್ಲಿ ಎಂಬಿಬಿಎಸ್ ಎರಡನೇ ವರ್ಷ. "ಡಾಕ್ಟ್ರು ಓದ್ತಿದ್ದೀಯಲ್ಲಪ್ಪ, ಒಸಿ ನೋಡು" ಎಂದು ದೊಡ್ಡಮ್ಮ ಕರೆದಾಗ ಸಂಕೋಚಕ್ಕಿಂತ ಹೆಮ್ಮೆಯೇ ಹೆಚ್ಚಾಗಿತ್ತು. ನಾಡಿ ಹಿಡಿದೆ. ಹೊಟ್ಟೆ ಒತ್ತಿದೆ. ಅಂಗಿ ಬದಲಾಯಿಸಿ ಮಲಗಿಸೋಣ ಎಂದು ಬೆನ್ನಿಗೆ ಕೈ ಹಾಕಿದರೆ ಬನಿಯನ್ನು ಹಿಂಡುವಷ್ಟು ಒದ್ದೆ. ಮಾಘದ ಚಳಿಗೆ ಊರವರೆಲ್ಲ ಕಂಬಳಿ ಹೊದ್ದು ಕೂತಿದ್ದರು. ಒಲೆ ಮುಂದೆ ನಿಂತಿದ್ದರಲ್ಲ, ಅದಕ್ಕೆ ಬೆವರು ಅಂದುಕೊಂಡೆ. ಒಲೆ ಆರಿ ಎರಡು ಗಂಟೆಯಾಗಿತ್ತು. ಅದನ್ನು ಲೆಕ್ಕ ಹಾಕಲಿಲ್ಲ. "ಅಸಿಡಿಟಿ ಅಷ್ಟೆ" ಎಂದು ಹೇಳಿದವನು ನಾನೇ. ಊರವರು ಗ್ಯಾಸು ಅಂದಿದ್ದರು, ನಾನು ಅದಕ್ಕೆ ಇಂಗ್ಲಿಷಿನ ಇನ್ನೊಂದು ಹೆಸರು ಕೊಟ್ಟೆ.

ರಾತ್ರಿ ಎರಡು ಗಂಟೆಗೆ ದೊಡ್ಡಪ್ಪ ವಾಂತಿ ಮಾಡಿಕೊಂಡರು. ಮಲಗಿದರೆ ಉಸಿರು ಕಟ್ಟುತ್ತದೆ ಎಂದು ಎದ್ದು ಕೂತರು. ಬೆಲ್ಲದ ಮಂಡಿಯವರ ಅಂಬಾಸಿಡರ್ ಕಾರು ಸಿಕ್ಕಿ, ನಾವು ಆಸ್ಪತ್ರೆಯ ಮೆಟ್ಟಿಲು ಹತ್ತಿದಾಗ ಮೂರೂಮುಕ್ಕಾಲು. ಒಂಬತ್ತೂವರೆಯಿಂದ ಮೂರೂಮುಕ್ಕಾಲು. ಆರು ಗಂಟೆ, ಹದಿನೈದು ನಿಮಿಷ.

ಇದು ನಮ್ಮ ಮನೆಯೊಂದರ ಲೆಕ್ಕವೆಂದು ನಾನು ಬಹಳ ಕಾಲ ತಿಳಿದಿದ್ದೆ. 2008ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ವೈದ್ಯರು ಮುಂದೆ ನಿಂತು ನಡೆಸಿದ ‘ಕ್ರಿಯೇಟ್’ ಎಂಬ ಅಧ್ಯಯನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ದೇಶದ 50 ನಗರಗಳ 89 ಆಸ್ಪತ್ರೆಗಳಲ್ಲಿ, ಹೃದಯದ ತುರ್ತಿನಿಂದ ಬಂದ ಇಪ್ಪತ್ತು ಸಾವಿರಕ್ಕೂ ಹೆಚ್ಚು ರೋಗಿಗಳ ವಿವರ ಅದರಲ್ಲಿತ್ತು. ತೊಂದರೆ ಶುರುವಾದದ್ದಕ್ಕೂ ಆಸ್ಪತ್ರೆ ತಲುಪಿದ್ದಕ್ಕೂ ನಡುವಿನ ಅಂತರ ಎಷ್ಟು ಎಂದು ನೋಡಿದರೆ, ನಟ್ಟನಡುವಿನ ರೋಗಿಗೆ ಬಂದ ಅಂಕಿ 360 ನಿಮಿಷ. ಅಂದರೆ ಅರ್ಧದಷ್ಟು ಜನ ಆರು ಗಂಟೆಯಾದ ಮೇಲೆ ಬಂದವರು. ಆಸ್ಪತ್ರೆಗೆ ಬಂದ ಮೇಲೆ ಹೆಪ್ಪು ಕರಗಿಸುವ ಔಷಧ ಕೊಡಲು ತಗುಲಿದ್ದು ಸುಮಾರು 50 ನಿಮಿಷ. ಓದಿದ ದಿನ ನನಗೆ ಚಪ್ಪರದ ಕಂಬ ನೆನಪಾಯಿತು. ಆ ಆರು ಗಂಟೆಯಲ್ಲಿ ದಾರಿಯ ಪಾಲು ಸ್ವಲ್ಪ, ಬಂಡಿ ಸಿಗದ ಪಾಲು ಸ್ವಲ್ಪ. ಉಳಿದದ್ದೆಲ್ಲ ಮನೆಯೊಳಗೆ ಗ್ಯಾಸು, ಪಿತ್ತ, ವಾಯು, ನಿದ್ದೆಗೇಡು ಎನ್ನುತ್ತ ಕಳೆದದ್ದು. ಹೃದಯಾಘಾತದ ಲಕ್ಷಣ ಹೆಚ್ಚಿನವರಿಗೆ ಕಾಣಿಸದೆ ಹೋಗುವುದಿಲ್ಲ. ಕಾಣಿಸುತ್ತದೆ, ನಾವು ಅದಕ್ಕೆ ಬೇರೆ ಹೆಸರು ಇಟ್ಟುಬಿಡುತ್ತೇವೆ.

ಆರು ಗಂಟೆಯ ಬೆಲೆ ಏನು ಎಂದು ಕೇಳಬಹುದು. ಹೃದಯ ಎಂದರೆ ಮುಷ್ಟಿಯಷ್ಟು ದಪ್ಪದ ಒಂದು ಸ್ನಾಯು. ದಿನಕ್ಕೆ ಲಕ್ಷ ಸಲ ಬಡಿಯುತ್ತದೆ. ಮೈಗೆಲ್ಲ ರಕ್ತ ತಳ್ಳುವ ಅದಕ್ಕೂ ಅದರದೇ ರಕ್ತ ಬೇಕು. ಅದನ್ನು ಕೊಡುವ ಧಮನಿಗಳು ಹೃದಯದ ಹೊರಮೈ ಮೇಲೆ ಬಳ್ಳಿಯಂತೆ ಹಬ್ಬಿರುತ್ತವೆ. ಅವುಗಳ ಒಳಗೋಡೆಯಲ್ಲಿ ವರ್ಷಗಟ್ಟಲೆ ಕೊಬ್ಬು ಕೂತಿರುತ್ತದೆ. ಒಂದು ದಿನ ಆ ಕೊಬ್ಬಿನ ಮೇಲಿನ ಪೊರೆ ಬಿರಿದರೆ, ದೇಹ ಅದನ್ನು ಗಾಯವೆಂದೇ ತಿಳಿದು ರಕ್ತ ಹೆಪ್ಪುಗಟ್ಟಿಸುತ್ತದೆ. ಹೆಪ್ಪು ದಾರಿ ಮುಚ್ಚುತ್ತದೆ. ಕಾಲುವೆಯ ತೂಬು ಮುಚ್ಚಿದರೆ ಕೆಳಗಿನ ಗದ್ದೆ ಒಣಗುವ ಹಾಗೆ, ಆ ಧಮನಿಯ ಕೆಳಗಿನ ಸ್ನಾಯು ಇಪ್ಪತ್ತು, ಮೂವತ್ತು ನಿಮಿಷಕ್ಕೆ ಸಾಯಲು ಶುರುವಾಗುತ್ತದೆ. ಆರು ಗಂಟೆ ಹೊತ್ತಿಗೆ ಅದರ ಬಹುಪಾಲು ಸತ್ತಿರುತ್ತದೆ. ಗದ್ದೆಗಾದರೆ ಮುಂದಿನ ವರ್ಷ ನೀರು ಬಿಟ್ಟರೆ ಮತ್ತೆ ಪೈರು ಬಂದೀತು. ಸತ್ತ ಹೃದಯಸ್ನಾಯು ಮತ್ತೆ ಹುಟ್ಟುವುದಿಲ್ಲ, ಅಲ್ಲಿ ಬರುವುದು ಗಾಯದ ಕಲೆ.

ಹಾಗಾದರೆ ಅದು ಹೇಗೆ ಕಾಣಿಸಿಕೊಳ್ಳುತ್ತದೆ? ಸಿನಿಮಾದಲ್ಲಿ ನೋಡಿದ್ದೀರಿ: ಕಾಗದ ಓದಿದ ಅಪ್ಪ ಎಡಗೈಯಲ್ಲಿ ಎದೆ ಹಿಡಿದು, ಕಣ್ಣು ಮೇಲೆ ಮಾಡಿ, ಮೆಟ್ಟಿಲಿನಿಂದ ಉರುಳುತ್ತಾರೆ. ನಲವತ್ತು ವರ್ಷದಲ್ಲಿ ಹಾಗೆ ಬಂದವರನ್ನು ನಾನು ಕಂಡದ್ದು ಬೆರಳೆಣಿಕೆ. ಹೆಚ್ಚಿನವರು ನಡೆದೇ ಬರುತ್ತಾರೆ. ಚಪ್ಪಲಿ ಹೊರಗೆ ಬಿಟ್ಟು, ಚೀಟಿ ಮಾಡಿಸಿ, ಬೆಂಚಿನ ಮೇಲೆ ತಮ್ಮ ಸರದಿಗೆ ಕಾಯುತ್ತಾರೆ. "ಎದೆನೋವು ಇದೆಯಾ?" ಎಂದು ಕೇಳಿದರೆ "ಇಲ್ಲ ಸಾರ್" ಅನ್ನುತ್ತಾರೆ. ಸುಳ್ಳಲ್ಲ. ಅವರ ಲೆಕ್ಕದಲ್ಲಿ ನೋವು ಎಂದರೆ ಚುಚ್ಚಬೇಕು, ಕೊಯ್ಯಬೇಕು. ಇದು ಹಾಗಿಲ್ಲ. "ಏನೋ ಒಂಥರಾ" ಎನ್ನುತ್ತಾರೆ. "ಎದೆ ಮೇಲೆ ಯಾರೋ ಕೂತಂಗೆ", "ಕಲ್ಲು ಹೇರಿದಂಗೆ", "ಒಳಗೆ ಕಿವುಚಿದಂಗೆ". ನಾನು ಕೊಪ್ಪಳದ ಕಡೆ ಕೆಲಸ ಮಾಡುವಾಗ "ಎದಿ ಬಿಗಿಹಿಡದಂಗ ಆಗೇತ್ರಿ, ಜೀವಕ್ಕ ಸಮಾಧಾನ ಇಲ್ರಿ" ಎಂದು ಹೇಳುವುದನ್ನು ಕೇಳಿದ್ದೇನೆ. ಪಠ್ಯಪುಸ್ತಕದ ಒಂದು ಪುಟಕ್ಕಿಂತ ಆ ಒಂದು ಮಾತು ನನಗೆ ಹೆಚ್ಚು ಕಲಿಸಿತು. ಆಮೇಲಿಂದ ನಾನು ನೋವಿದೆಯಾ ಎಂದು ಕೇಳುವುದು ಬಿಟ್ಟೆ. ಎದೆಯಲ್ಲಿ ಏನನ್ನಿಸುತ್ತಿದೆ ಎಂದು ಕೇಳುತ್ತೇನೆ, ಮತ್ತು ಅವರ ಕೈ ನೋಡುತ್ತೇನೆ.

ಕೈ ಬಾಯಿಗಿಂತ ನಿಜ ಹೇಳುತ್ತದೆ. ಒಂದು ಬೆರಳು ಇಟ್ಟು "ಇಲ್ಲೇ, ಈ ಜಾಗದಲ್ಲೇ" ಎಂದು ತೋರಿಸುವವರದು, ಆ ಜಾಗ ಒತ್ತಿದರೆ ನೋವು ಜಾಸ್ತಿಯಾಗುವವರದು, ಉಸಿರು ಎಳೆದಾಗ ಅಥವಾ ಮಗ್ಗುಲು ಬದಲಿಸಿದಾಗ ಚಳಕು ಹೊಡೆಯುವವರದು ಹೆಚ್ಚಾಗಿ ಪಕ್ಕೆಲುಬಿನ, ಮಾಂಸಖಂಡದ ತೊಂದರೆ. ಹೃದಯದ ಬಿಗಿತ ಇರುವವರು ಬೆರಳು ತೋರಿಸುವುದಿಲ್ಲ. ಎದೆಯ ನಡುವೆ ಅಂಗೈ ಹರಡುತ್ತಾರೆ, ಇಲ್ಲವೇ ಮುಷ್ಟಿ ಬಿಗಿದು ಒತ್ತಿಕೊಳ್ಳುತ್ತಾರೆ. ಅಮೆರಿಕದ ಹೃದ್ರೋಗ ತಜ್ಞ ಸ್ಯಾಮ್ಯುಯೆಲ್ ಲೆವೈನ್ ಇದನ್ನು ಗುರುತಿಸಿದ್ದರಿಂದ ಆ ಮುಷ್ಟಿಗೆ ಅವರ ಹೆಸರೇ ಇದೆ. ನಮ್ಮ ದೊಡ್ಡಪ್ಪ ಅಂಗೈಯಲ್ಲಿ ತಿಕ್ಕಿಕೊಳ್ಳುತ್ತಿದ್ದರಲ್ಲ, ಅದೂ ಅದೇ ಜಾತಿ. ಆದರೆ ಇದನ್ನು ತಕ್ಕಡಿ ಮಾಡಿಕೊಂಡು ಮನೆಯಲ್ಲೇ ತೂಗಬೇಡಿ. ಒತ್ತಿದರೆ ನೋಯುವವರಲ್ಲೂ ಕೆಲವರಿಗೆ ಹೃದಯಾಘಾತ ಆಗಿರುವುದುಂಟು.

ಊಟದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನಮ್ಮನ್ನು ದಾರಿ ತಪ್ಪಿಸುವುದು ಅದೇ. "ಉಂಡ ಮೇಲೆ ಬಂತು, ಅಂದರೆ ಹೊಟ್ಟೆಯದು." ನ್ಯಾಯವಾದ ತರ್ಕವೇ. ಆದರೆ 1768ರಲ್ಲಿ ಲಂಡನ್ನಿನಲ್ಲಿ ವಿಲಿಯಂ ಹೆಬರ್ಡನ್ ಎಂಬ ವೈದ್ಯ ತನ್ನ ಜೊತೆಯ ವೈದ್ಯರ ಮುಂದೆ ಒಂದು ಪ್ರಬಂಧ ಓದಿದ. ಇಸಿಜಿ ಇರಲಿಲ್ಲ, ಸ್ಟೆತಸ್ಕೋಪೂ ಹುಟ್ಟಿರಲಿಲ್ಲ. ರೋಗಿಗಳು ಹೇಳಿದ್ದನ್ನು ಕೇಳಿ, ಕೇಳಿ ಬರೆದದ್ದು. ಕೆಲವರಿಗೆ ನಡೆಯುವಾಗ, ಅದರಲ್ಲೂ ಏರು ಹತ್ತುವಾಗ, ಅದರಲ್ಲೂ ಊಟವಾದ ಸ್ವಲ್ಪ ಹೊತ್ತಿಗೆ ಎದೆ ಹಿಸುಕಿದಂತಾಗುತ್ತದೆ. ನಿಂತುಬಿಟ್ಟರೆ ಹೋಗುತ್ತದೆ ಎಂದು ಆತ ಗುರುತಿಸಿದ. ಅದಕ್ಕೆ ‘ಆಂಜೈನಾ’ ಎಂದು ಹೆಸರಿಟ್ಟ. ಕತ್ತು ಹಿಸುಕಿದಂತೆ ಎಂಬ ಅರ್ಥ ಬರುವ ಮಾತು. ಊಟವಾದ ಮೇಲೆ ಹೆಚ್ಚು ರಕ್ತ ಹೊಟ್ಟೆಯ ಕಡೆ ಹರಿಯಬೇಕು, ಹೃದಯಕ್ಕೆ ಕೆಲಸ ಹೆಚ್ಚು. ದಾರಿ ಕಿರಿದಾದ ಧಮನಿಗೆ ಆಗಲೇ ಸಂಕಟ. ಅಂದರೆ ನಾವು ಯಾವುದನ್ನು ಗ್ಯಾಸಿಗೆ ಸಾಕ್ಷಿ ಎಂದು ಹಿಡಿಯುತ್ತೇವೋ ಅದು ಇನ್ನೂರೈವತ್ತು ವರ್ಷದಿಂದ ಹೃದಯದ ಕಡೆಯ ಸಾಕ್ಷಿಯೂ ಆಗಿದೆ. ತೇಗಿಗೂ ಅಷ್ಟೆ. ಸೋಡಾ ಕುಡಿದರೆ ಯಾರಿಗಾದರೂ ತೇಗು ಬರುತ್ತದೆ. ಹೃದಯ ಕೆಟ್ಟವರಿಗೂ ಬರುತ್ತದೆ.

ಇನ್ನೊಂದು ಗೋಜಲು, ತಂತಿಗಳದ್ದು. ಹೃದಯದಿಂದ ಹೊರಟ ನೋವಿನ ನರಗಳೂ ಎದೆ, ತೋಳಿನ ಒಳಭಾಗದಿಂದ ಬಂದ ನರಗಳೂ ಬೆನ್ನುಹುರಿಯಲ್ಲಿ ಒಂದೇ ಮಟ್ಟದಲ್ಲಿ ಸೇರುತ್ತವೆ. ಮಿದುಳಿಗೆ ಸುದ್ದಿ ಬರುತ್ತದೆ, ಆದರೆ ಯಾವ ಮನೆಯಿಂದ ಬಂದದ್ದು ಎಂದು ಗೊತ್ತಾಗುವುದಿಲ್ಲ. ಹಾಗಾಗಿ ಹೃದಯದ ನೋವು ಎಡಗೈಯಲ್ಲಿ, ಕೆಲವೊಮ್ಮೆ ಎರಡೂ ತೋಳುಗಳಲ್ಲಿ, ಬೆನ್ನಿನ ರೆಕ್ಕೆಮೂಳೆಗಳ ನಡುವೆ, ಕತ್ತಿನಲ್ಲಿ, ದವಡೆಯಲ್ಲಿ ಕಾಣಿಸಿಕೊಳ್ಳುತ್ತದೆ. ಹೃದಯದ ತಳಭಾಗ ವಪೆಯ ಮೇಲೆ ಕೂತಿರುವುದರಿಂದ ಆ ಭಾಗಕ್ಕೆ ಪೆಟ್ಟು ಬಿದ್ದರೆ ಹೊಟ್ಟೆಯ ಮೇಲ್ಭಾಗ ಹಿಂಡುತ್ತದೆ, ವಾಂತಿ ಬರುತ್ತದೆ, ಬಿಕ್ಕಳಿಕೆಯೂ ಬರಬಹುದು.

ನಾನು ತಾಲ್ಲೂಕು ಆಸ್ಪತ್ರೆಯಲ್ಲಿದ್ದಾಗ ಒಬ್ಬ ತಾಯಿ ಬಂದರು. ಐವತ್ತೆರಡು ವಯಸ್ಸು, ಸಕ್ಕರೆ ಕಾಯಿಲೆ ಇತ್ತು. ಕೆಳದವಡೆ ಸೆಳೆಯುತ್ತದೆ ಎಂದು ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದರಂತೆ. ಆ ಪುಣ್ಯಾತ್ಮರು ಹಲ್ಲು ತಟ್ಟಿ ನೋಡಿ, ಹಲ್ಲು ಗಟ್ಟಿಯಿದೆ, ಮೊದಲು ಇಸಿಜಿ ಮಾಡಿಸಿ ಎಂದು ನನ್ನ ಕಡೆ ಕಳಿಸಿದ್ದರು. ಆಕೆ ನೆಟ್ಟಗೆ ಬಂದಿರಲಿಲ್ಲ. ಮನೆಗೆ ಹೋಗಿ, ಹಾಲು ಕರೆದು, ಡೈರಿಗೆ ಹಾಕಿ, ಸೊಸೆಗೆ ಅಡುಗೆ ಹೇಳಿ, ಸಂಜೆಯ ಬಸ್ಸಿಗೆ ಬಂದಿದ್ದರು. ಬೆಂಚಿನ ಮೇಲೆ ಕೂತವರ ಸೆರಗಿನ ತುದಿ ಕೈಯಲ್ಲಿ ಮುದ್ದೆಯಾಗಿತ್ತು, ಮುಖ ಒರೆಸಿ ಒರೆಸಿ. "ಎದೆ ನೋಯ್ತಿಲ್ಲ ಸಾಮಿ. ಒಂದು ವಾರದಿಂದ ಸುಸ್ತು. ಒಂದು ಬಿಂದಿಗೆ ನೀರು ತರಕ್ಕೂ ಆಯ್ತಿಲ್ಲ." ಇಸಿಜಿ ಕಾಗದ ಯಂತ್ರದಿಂದ ಹೊರಗೆ ಬರುತ್ತಿರುವಾಗಲೇ ನಮ್ಮ ನರ್ಸಮ್ಮ ನನ್ನ ಮುಖ ನೋಡಿದರು. ಅಂಥ ಏರುತಗ್ಗು ಅದರಲ್ಲಿತ್ತು.

ಹೆಂಗಸರ ವಿಷಯದಲ್ಲಿ ವೈದ್ಯರ ತಪ್ಪೂ ಇದೆ. ಹೆಬರ್ಡನ್ ತಾನು ಕಂಡ ಸುಮಾರು ನೂರು ರೋಗಿಗಳಲ್ಲಿ ಮೂವರೇ ಹೆಂಗಸರೆಂದು ಬರೆದಿಟ್ಟ. ಆಮೇಲೆ ಬಂದವರೂ ಇದನ್ನು ಗಂಡಸರ ಕಾಯಿಲೆ ಎಂದೇ ನಡೆಸಿಕೊಂಡು ಬಂದರು. 2003ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಹೃದಯಾಘಾತದಿಂದ ಬದುಕಿ ಬಂದ 515 ಹೆಂಗಸರನ್ನು ಕೇಳಿದಾಗ, ಹಿಂದಿನ ವಾರಗಳಲ್ಲಿ ಎಂದೂ ಇಲ್ಲದ ಆಯಾಸ ಇತ್ತೆಂದು ಹೇಳಿದವರು ನೂರಕ್ಕೆ 70. ನಿದ್ದೆ ಕೆಟ್ಟಿತ್ತೆಂದವರು ಅರ್ಧದ ಹತ್ತಿರ. ಹೆಂಗಸರಿಗೂ ಎದೆ ಬಿಗಿತವೇ ಮುಖ್ಯ ಲಕ್ಷಣ, ಅದನ್ನು ಮರೆಯುವ ಹಾಗಿಲ್ಲ. ಆದರೆ ಅದರ ಜೊತೆಗೆ, ಕೆಲವೊಮ್ಮೆ ಅದರ ಬದಲಿಗೆ, ಏದುಸಿರು, ಓಕರಿಕೆ, ಬೆನ್ನುನೋವು, ಈ ಸುಸ್ತು. ನಮ್ಮ ಮನೆಗಳಲ್ಲಿ ಹೆಂಗಸಿನ ಸುಸ್ತಿಗೆ ಯಾರು ಕಿವಿಗೊಡುತ್ತಾರೆ? ಆಕೆಯೇ ಕೊಡುವುದಿಲ್ಲ.

ಸಕ್ಕರೆ ಕಾಯಿಲೆಯವರ ಕಥೆ ಬೇರೆ. ವರ್ಷಗಟ್ಟಲೆ ಸಕ್ಕರೆ ಏರಿದ್ದರೆ ಕಾಲಿನ ನರ ಜೋಮು ಹಿಡಿದು, ಚಪ್ಪಲಿ ಜಾರಿದ್ದೂ ತಿಳಿಯುವುದಿಲ್ಲವಲ್ಲ, ಹೃದಯದ ನರಗಳಿಗೂ ಅದೇ ಗತಿ. ನೋವಿನ ಗಂಟೆಯೇ ಬಡಿಯುವುದಿಲ್ಲ. ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ 1948ರಿಂದ ಜನರನ್ನು ನಿಯಮಿತವಾಗಿ ಪರೀಕ್ಷಿಸುತ್ತ ಬಂದಾಗ, ಹೃದಯಾಘಾತಗಳಲ್ಲಿ ಕಾಲುಭಾಗಕ್ಕೂ ಹೆಚ್ಚು ರೋಗಿಗೇ ಗೊತ್ತಾಗದೆ ಆಗಿಹೋಗಿದ್ದವು, ಮುಂದಿನ ಇಸಿಜಿಯಲ್ಲಿ ಸಿಕ್ಕಿಬಿದ್ದವು. ಆದ್ದರಿಂದ ಸಕ್ಕರೆಯವರು, ವಯಸ್ಸಾದವರು ಇದ್ದಕ್ಕಿದ್ದಂತೆ ಏದುಸಿರು ಬಿಟ್ಟರೆ, ತಣ್ಣಗೆ ಬೆವರಿದರೆ, ಕಣ್ಣು ಕತ್ತಲೆ ಕಟ್ಟಿ ಕೂತುಬಿಟ್ಟರೆ, ಎದೆ ನೋಯದಿದ್ದರೂ ಹೃದಯವನ್ನೇ ಮೊದಲು ಅನುಮಾನಿಸಬೇಕು.

ಬೆವರು ಎಂದೆ. ಎಲ್ಲ ಲಕ್ಷಣಗಳಲ್ಲಿ ನನಗೆ ಇದರ ಮೇಲೆ ಗೌರವ ಹೆಚ್ಚು. ಬಿಸಿಲಿಗೆ, ಕೆಲಸಕ್ಕೆ ಬರುವ ಬೆವರಿನಲ್ಲಿ ಮೈ ಬೆಚ್ಚಗಿರುತ್ತದೆ. ಇದರಲ್ಲಿ ಮೈ ತಣ್ಣಗೆ, ಅಂಟುಅಂಟಾಗಿ, ಮುಖ ಬಿಳಿಚಿಕೊಂಡು, ತೊಳೆದ ಹಾಗೆ ಬೆವರುತ್ತದೆ. ಅಪಾಯ ಬಂತೆಂದು ದೇಹ ಒಳಗಿನಿಂದಲೇ ತುರ್ತುಗಂಟೆ ಬಾರಿಸುವ ರೀತಿ ಅದು. ಗ್ಯಾಸಿಗೆ ಬನಿಯನ್ನು ಹೀಗೆ ಒದ್ದೆಯಾಗುವುದು ಕಡಿಮೆ. ಎದೆಯಲ್ಲಿ ಅಥವಾ ಮೇಲ್ಹೊಟ್ಟೆಯಲ್ಲಿ ಸಂಕಟವೂ ಇದೆ, ತಣ್ಣನೆ ಬೆವರೂ ಇದೆ ಎಂದಾದರೆ ಮುಂದಿನ ಮಾತು ಆಸ್ಪತ್ರೆಯಲ್ಲೇ ಆಡಿ.

ಎಲ್ಲವೂ ಒಂದೇ ರಾತ್ರಿಯಲ್ಲಿ ಬರುವುದಿಲ್ಲ ಎಂಬುದೂ ನೆನಪಿರಲಿ. ಕೆಲವರಿಗೆ ವಾರ, ತಿಂಗಳ ಮುಂಚೆ ಸೂಚನೆ ಸಿಗುತ್ತದೆ. ಮೈಸೂರಿನಲ್ಲಿ ನನ್ನ ಪರಿಚಯದವರೊಬ್ಬರು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವವರು. ನಂದಿಯ ಹತ್ತಿರ ಬರುವಾಗ ಎದೆ ಬಿಗಿದು, ಒಂದು ನಿಮಿಷ ನಿಂತರೆ ಸರಿಹೋಗುತ್ತಿತ್ತು. ಆಮೇಲೆ ನೂರು ಮೆಟ್ಟಿಲಿಗೇ ಬರತೊಡಗಿತು. ಆಮೇಲೆ ಸ್ನಾನದ ಮನೆಯಲ್ಲಿ ಬಕೆಟ್ಟು ಎತ್ತಿದಾಗ. ಒಂದು ದಿನ ಸುಮ್ಮನೆ ಪೇಪರು ಓದುತ್ತ ಕೂತಾಗ. ಬಿಗಿತ ಹೀಗೆ ಬೆಟ್ಟದಿಂದ ಇಳಿದು ಮನೆಯೊಳಗೆ ಬಂದರೆ ಅದನ್ನು ನಾವು ತುರ್ತು ಎಂದೇ ಹಿಡಿಯುತ್ತೇವೆ. ಕೂತಾಗಲೂ ಬರುತ್ತದೆ ಎಂದ ದಿನವೇ ಅವರನ್ನು ಒಳಗೆ ಸೇರಿಸಿಕೊಂಡರು. ಹೃದಯಾಘಾತ ಆಗುವ ಮೊದಲೇ ಧಮನಿ ಬಿಡಿಸಿ ಸ್ಟೆಂಟ್ ಹಾಕಲಾಯಿತು. ಈಗಲೂ ಬೆಟ್ಟ ಹತ್ತುತ್ತಾರೆ, ನನಗಿಂತ ಬೇಗ.

"ನನಗಿನ್ನೂ ಚಿಕ್ಕ ವಯಸ್ಸು" ಎಂಬ ಮಾತೂ ನಮ್ಮಲ್ಲಿ ನಡೆಯುವುದಿಲ್ಲ. 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ‘ಇಂಟರ್‌ಹಾರ್ಟ್’ ಅಧ್ಯಯನದ ಲೆಕ್ಕಗಳಲ್ಲಿ, ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಬರುವ ವಯಸ್ಸು ಬೇರೆಯವರಿಗಿಂತ ಐದಾರು ವರ್ಷ ಮುಂಚೆ, ಸುಮಾರು 53. ಬೀಡಿ ಸಿಗರೇಟು, ಸಕ್ಕರೆ, ರಕ್ತದೊತ್ತಡ, ಕೊಬ್ಬು, ಬೊಜ್ಜುಹೊಟ್ಟೆ ಇವೇ ಅಲ್ಲೂ ಇಲ್ಲೂ ಕಾರಣ. ನಮಗೆ ಬೇಗ ಬಂದು ಕೂರುತ್ತವೆ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ಹೋದಾಗ ಈ ನಾಡಿನಲ್ಲಿ ಅಳದ ಮನೆ ಇರಲಿಲ್ಲ. ಮರುದಿನದಿಂದ ಆಸ್ಪತ್ರೆಗಳ ಮುಂದೆ ಸಾಲು. 2025ರ ಜುಲೈಯಲ್ಲಿ ಹಾಸನದ ಹೃದಯಾಘಾತದ ಸಾವುಗಳ ಸುದ್ದಿ ಬಂದಾಗ ಮೈಸೂರು, ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಗಳ ಮುಂದೆ ಬೆಳಗಿನ ಜಾವಕ್ಕೇ ಮತ್ತೆ ಅದೇ ಸಾಲು. ಭಯ ನನಗೆ ಅರ್ಥವಾಗುತ್ತದೆ. ಆದರೆ ಆ ಸಾಲಿನ ಬಗ್ಗೆ ನನ್ನದೊಂದು ತಕರಾರಿದೆ. ಏನೂ ತೊಂದರೆ ಇಲ್ಲದ ದಿನ ತೆಗೆಸಿದ ಇಸಿಜಿ ಆ ಹೊತ್ತಿನ ಫೋಟೊ, ಮುಂದಿನ ತಿಂಗಳಿಗೆ ಕೊಟ್ಟ ಜಾಮೀನಲ್ಲ. ಆ ಕಾಗದವನ್ನು ಬೀರುವಿನಲ್ಲಿಟ್ಟು, ತಿಂಗಳಾದ ಮೇಲೆ ಎದೆ ಬಿಗಿದಾಗ "ಮೊನ್ನೆ ತಾನೇ ನಾರ್ಮಲ್ ಬಂದಿದೆ, ಇದು ಗ್ಯಾಸೇ" ಎಂದವರನ್ನು ನಾನು ನೋಡಿದ್ದೇನೆ. ತೊಂದರೆ ಇರುವಾಗ ತೆಗೆದ ಮೊದಲ ಇಸಿಜಿ ಕೂಡ ಕೆಲವೊಮ್ಮೆ ಸರಿಯಾಗಿಯೇ ಕಾಣುತ್ತದೆ. ಅದಕ್ಕೇ ವೈದ್ಯರು ಇನ್ನಷ್ಟು ಹೊತ್ತು ಇರಿ, ಇನ್ನೊಂದು ಇಸಿಜಿ, ಟ್ರೋಪೋನಿನ್ ಎಂಬ ರಕ್ತಪರೀಕ್ಷೆ ಎನ್ನುವುದು. ದುಡ್ಡು ಕೀಳುವುದಕ್ಕೆ ಎಂದು ಎದ್ದು ಬರಬೇಡಿ.

ಈಗ ಅನುಮಾನ ಬಂತು ಅನ್ನೋಣ. ಎದೆಯ ನಡುವೆ ಭಾರ, ಕೂತರೂ ಹೋಗುತ್ತಿಲ್ಲ, ಹತ್ತು ಹದಿನೈದು ನಿಮಿಷವಾಯಿತು. ಇದ್ದಲ್ಲೇ ಕೂರಿಸಿ ಅಥವಾ ಒರಗಿಸಿ. ಮಹಡಿ ಮೆಟ್ಟಿಲು ನಡೆಸಿ ಇಳಿಸಬೇಡಿ, ಕುರ್ಚಿಯಲ್ಲಿ ಕೂರಿಸಿ ಹೊತ್ತು ತನ್ನಿ. 108ಕ್ಕೆ ಫೋನು ಮಾಡಿ. ನಮ್ಮ ರಾಜ್ಯದಲ್ಲಿ ಅದು 2008ರ ನವೆಂಬರ್ 1ರಿಂದ ಇದೆ. ಆಂಬುಲೆನ್ಸು ಬರುವುದು ತಡವೆಂದು ಗೊತ್ತಾದರೆ ಯಾರದಾದರೂ ಗಾಡಿ ಹಿಡಿಯಿರಿ. ರೋಗಿಯೇ ಬೈಕು ಓಡಿಸಿಕೊಂಡು ಹೋಗುವುದು ಮಾತ್ರ ಬೇಡ. ಹಾಗೆ ಬಂದು ನಮ್ಮ ಗೇಟಿನಲ್ಲಿ ಬಿದ್ದವರಿದ್ದಾರೆ.

ಆಸ್ಪಿರಿನ್ ಮಾತ್ರೆಯ ಮಾತು ಎಲ್ಲರಿಗೂ ಗೊತ್ತು. 1988ರಲ್ಲಿ ಹದಿನೇಳು ಸಾವಿರ ರೋಗಿಗಳ ಮೇಲೆ ನಡೆದ ದೊಡ್ಡ ಪ್ರಯೋಗದಲ್ಲಿ, ಬರೀ ಈ ಅಗ್ಗದ ಮಾತ್ರೆಯಿಂದ ಐದು ವಾರದೊಳಗಿನ ಸಾವು ನಾಲ್ಕನೇ ಒಂದರ ಹತ್ತಿರ ಕಡಿಮೆಯಾಯಿತು. ಹೆಪ್ಪು ಕರಗಿಸುವ ಔಷಧವೂ ಸೇರಿದರೆ ಇನ್ನೂ ಹೆಚ್ಚು. ಸುಮಾರು 300 ಮಿಲಿಗ್ರಾಮಿನ ಮಾತ್ರೆಯನ್ನು ನುಂಗದೆ ಅಗಿಯಬೇಕು, ಬೇಗ ರಕ್ತಕ್ಕೆ ಸೇರುತ್ತದೆ. ಆದರೆ ಆಸ್ಪಿರಿನ್ ಆಗಿಬರದವರಿಗೆ, ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಹೋದವರಿಗೆ, ಮಾತು ತೊದಲಿ ಕೈಕಾಲು ಸೋತವರಿಗೆ ಕೊಡಬಾರದು. ಫೋನಿನಲ್ಲಿ ಡಾಕ್ಟರನ್ನೋ 108ರವರನ್ನೋ ಕೇಳಿ ಕೊಡುವುದು ಒಳ್ಳೆಯದು. ನಾಲಿಗೆ ಕೆಳಗಿಡುವ ಮಾತ್ರೆಯನ್ನು ಪಕ್ಕದ ಮನೆಯವರ ಡಬ್ಬಿಯಿಂದ ತಂದು ಹಾಕಬೇಡಿ. ರಕ್ತದೊತ್ತಡ ಆಗಲೇ ಬಿದ್ದಿದ್ದರೆ ಅದರಿಂದ ಇನ್ನೂ ಬೀಳುತ್ತದೆ. ಜೋರಾಗಿ ಕೆಮ್ಮಿದರೆ ಹೃದಯಾಘಾತ ನಿಲ್ಲುತ್ತದೆ ಎಂದು ವಾಟ್ಸ್ಆ್ಯಪಿನಲ್ಲಿ ವರ್ಷಕ್ಕೆರಡು ಸಲ ಬರುತ್ತದೆ. ನಿಲ್ಲುವುದಿಲ್ಲ.

ಎಲ್ಲಿಗೆ ಹೋಗಬೇಕು? ಇಲ್ಲಿಯೂ ನಾವು ಸಮಯ ಕಳೆಯುತ್ತೇವೆ. "ತಾಲ್ಲೂಕಾಸ್ಪತ್ರೇಲಿ ಏನಿದೆ, ನೆಟ್ಟಗೆ ಬೆಂಗಳೂರಿಗೇ ಹೋಗೋಣ" ಎಂದು ಮೂರು ಗಂಟೆ ದಾರಿ ಹಿಡಿಯುತ್ತಾರೆ. ಮೊದಲು ಬೇಕಾದ್ದು ಹತ್ತಿರದ ಇಸಿಜಿ. ಪುನೀತ್ ಹೆಸರಿನಲ್ಲಿ ಸರ್ಕಾರ ತಂದಿರುವ ‘ಹೃದಯ ಜ್ಯೋತಿ’ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ಜಯದೇವದಂಥ ಕೇಂದ್ರದ ತಜ್ಞರು ಅಲ್ಲಿಂದಲೇ ನೋಡಿ, ಬೇಕಾದರೆ ಹೆಪ್ಪು ಕರಗಿಸುವ ಟೆನೆಕ್ಟಿಪ್ಲೇಸ್ ಚುಚ್ಚುಮದ್ದನ್ನು ಇಲ್ಲೇ ಉಚಿತವಾಗಿ ಕೊಡಿಸುವ ವ್ಯವಸ್ಥೆ ಇದೆ. ಹತ್ತಾರು ಸಾವಿರ ರೂಪಾಯಿಯ ಮದ್ದು ಅದು. ಅದನ್ನು ಕೊಟ್ಟು, ಆಮೇಲೆ ದೊಡ್ಡಾಸ್ಪತ್ರೆಗೆ. ಇದಕ್ಕೂ ಮುಂಚೆಯೇ ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಹಳ್ಳಿಯ ವೈದ್ಯರಿಗೆ ಇಸಿಜಿ ಯಂತ್ರ ಕೊಡಿಸಿ, ಅವರನ್ನೆಲ್ಲ ವಾಟ್ಸ್ಆ್ಯಪ್ ಗುಂಪಿನಲ್ಲಿ ಸೇರಿಸಿಕೊಂಡು, ಕಾಗದದ ಫೋಟೊ ಬಂದ ಕೂಡಲೇ ತಜ್ಞರು ಉತ್ತರ ಕೊಡುವ ಏರ್ಪಾಟು ಮಾಡಿದ್ದರು. ಕೆಮ್ಮಿನ ಸಂದೇಶ ತರುವ ಅದೇ ವಾಟ್ಸ್ಆ್ಯಪು!

ನಿಮ್ಮ ಹತ್ತಿರದ ಯಾವ ಆಸ್ಪತ್ರೆಯಲ್ಲಿ ರಾತ್ರಿ ಹೊತ್ತೂ ಇಸಿಜಿ ತೆಗೆಯುತ್ತಾರೆ ಎಂದು ನಾಳೆ ಹಗಲಿನಲ್ಲೇ ಹೋಗಿ ಕೇಳಿಕೊಂಡು ಬನ್ನಿ. ರಾತ್ರಿ ಎರಡು ಗಂಟೆಗೆ ಹುಡುಕುವ ವಿಳಾಸವಲ್ಲ ಅದು.

ಅಷ್ಟರಲ್ಲೇ ಮನುಷ್ಯ ಕುಸಿದು, ಕರೆದರೆ ಓಗೊಡದೆ, ಉಸಿರಾಟ ನಿಂತರೆ ಅದು ಹೃದಯಸ್ತಂಭನ. ಆಘಾತವಾದ ಹೃದಯ ಲಯ ತಪ್ಪಿ ನಿಂತಿದೆ ಎಂದರ್ಥ. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಮೂಳೆಯ ನಡುವೆ ಒಂದರ ಮೇಲೊಂದು ಅಂಗೈ ಇಟ್ಟು, ಮೊಣಕೈ ಬಗ್ಗಿಸದೆ, ಎರಡಂಗುಲ ಒಳಗೆ ಹೋಗುವಂತೆ ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಸಹಾಯ ಬರುವ ತನಕ ಬಿಡದೆ. ನೀರು ಕುಡಿಸಲು ಹೋಗಬೇಡಿ, ಕೈಗೆ ಕಬ್ಬಿಣ ಕೊಡಬೇಡಿ.

ದೊಡ್ಡಪ್ಪ ಬದುಕಿದರು. ಆ ಕಾಲಕ್ಕೆ ನಮ್ಮಲ್ಲಿ ಹೆಪ್ಪು ಕರಗಿಸುವ ಮದ್ದು ಬಳಕೆಗೆ ಬಂದಿರಲಿಲ್ಲ. ಆಮ್ಲಜನಕ, ನೋವಿನ ಚುಚ್ಚುಮದ್ದು, ಹಾಸಿಗೆ, ಅಷ್ಟೆ. ಹನ್ನೊಂದು ವರ್ಷ ಇದ್ದರು, ಆದರೆ ಅರ್ಧ ಹೃದಯದಲ್ಲಿ. ಗದ್ದೆಗೆ ಹೋಗುವ ಏರಿಯನ್ನು ಮತ್ತೆ ಹತ್ತಲಿಲ್ಲ. ಮದುವೆ, ಬೀಗರೂಟಗಳಲ್ಲಿ ಬಾಗಿಲ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂರುವರು. ಉಂಡೆದ್ದು ಎದೆ ತಿಕ್ಕಿಕೊಳ್ಳುವವರು ಕಂಡರೆ ಕರೆಯುವರು, ನಾಚಿಕೆಯಿಲ್ಲದೆ ಅಂಗಿಯೊಳಗೆ ಕೈ ಹಾಕಿ ಬೆನ್ನು ಮುಟ್ಟಿ ನೋಡುವರು.

1990ರ ಏಪ್ರಿಲ್‌ನಲ್ಲಿ ನಾನು ರಜೆಗೆ ಹೋಗಿದ್ದಾಗ ನಮ್ಮ ಚಿಕ್ಕಪ್ಪನ ಮಗಳ ಬೀಗರೂಟ. ಬೀಗರ ಕಡೆಯ ನಲವತ್ತರ ಗಂಡಸೊಬ್ಬರು ಎದೆ ಹಿಡಿದುಕೊಂಡರು. ದೊಡ್ಡಪ್ಪ ಬೆನ್ನು ಮುಟ್ಟಿ "ಒದ್ದೆ ಅದೆ, ಕಾರು ತರ್ಸಿ" ಅಂದರು. "ಈ ಬಿಸಿಲಿಗೆ ಎಲ್ಲರ ಬೆನ್ನೂ ಒದ್ದೆಯೇ, ಯಜಮಾನ್ರೇ" ಎಂದು ಅವರ ಕಡೆಯವರು ನಕ್ಕರು. ದೊಡ್ಡಪ್ಪ ಕೇಳಲಿಲ್ಲ. ನನ್ನನ್ನೂ ಜೊತೆಗೆ ಹತ್ತಿಸಿ, ತಾವೂ ಮುಂದಿನ ಸೀಟಿನಲ್ಲಿ ಕೂತು ಮಂಡ್ಯಕ್ಕೆ ಹೊರಟರು. ಮೊದಲ ಇಸಿಜಿ ಸರಿಯಾಗಿತ್ತು. ಇರಿಸಿಕೊಂಡು ಸಂಜೆ ಇನ್ನೊಂದು ತೆಗೆದರು, ಅದೂ ಸರಿಯಾಗಿತ್ತು. ಕಾರಿನ ಬಾಡಿಗೆ ದೊಡ್ಡಪ್ಪನೇ ಕೊಟ್ಟರು. ರಾತ್ರಿ ಮನೆ ಮುಂದೆ ಇಳಿದು, ಜಗಲಿ ಹತ್ತುವ ಮುಂಚೆ ಒಂದು ಸಲ ನಿಂತು ಉಸಿರು ತೆಗೆದುಕೊಂಡು, ಒಳಗಿದ್ದ ದೊಡ್ಡಮ್ಮನಿಗೆ ಕೂಗಿ ಹೇಳಿದರು:

"ಗ್ಯಾಸೇ ಅಂತೆ ಕಣಮ್ಮಿ. ಡಾಕ್ಟ್ರೇ ಹೇಳವ್ರೆ."